ಹನ್ನೆರಡು ಪ್ರೋಗ್ರಾಮಿನ ಹರಕೆ

ಮಹಾಕೂಟೇಶ್ವರನಿಗೆ ನಾನು ಒಡೆಸಬೇಕಾದ ತೆಂಗಿನಕಾಯಿ 4,095. ಕುಡಿತವಿಲ್ಲ, ಇಸ್ಪೀಟಿಲ್ಲ, ಆದರೂ ಇಷ್ಟು ಸಾಲ ಮೈಮೇಲೆ ಎಳೆದುಕೊಂಡವನು ನಮ್ಮ ಮನೆತನದಲ್ಲಿ ನಾನೊಬ್ಬನೇ. ಕಾರಣ, ಮೂರನೆಯ ಸೆಮಿಸ್ಟರಿನ ಡೇಟಾ ಸ್ಟ್ರಕ್ಚರ್ಸ್.

ನಮ್ಮೂರು ಮಹಾಕೂಟದ ಮಗ್ಗುಲಿಗೇ ಇದೆ. ಬೇಸಿಗೆ ಸೂಟಿ ಎಂದರೆ ನಮಗೆ ವಿಷ್ಣು ಪುಷ್ಕರಿಣಿ. ಬುಗ್ಗೆಯ ನೀರು, ತಳದ ಕಲ್ಲು ಕಾಣುವಷ್ಟು ತಿಳಿ. ಉಸಿರು ಕಟ್ಟಿ ಮುಳುಗಿ, ನೀರಿನ ನಡುವೆ ಇರುವ ಪುಟ್ಟ ಮಂಟಪದ ತನಕ ಹೋಗಿ ಮುಖಲಿಂಗಕ್ಕೆ ಕೈ ಮುಗಿದು, ಉಸಿರು ಮುಗಿಯುವುದರೊಳಗೆ ಮೇಲೆ ಬರುವುದು. ನನಗೆ ಗೊತ್ತಿದ್ದ ಅಲ್ಗಾರಿದಮ್ ಇದೊಂದೇ. ಇಂಥವನನ್ನು ಬಾಗಲಕೋಟೆಯ ಒಂದು ಎಂಜಿನಿಯರಿಂಗ್ ಕಾಲೇಜು ಕಂಪ್ಯೂಟರ್ ಸೈನ್ಸಿಗೆ ಸೇರಿಸಿಕೊಂಡಿತು. ಅಪ್ಪನಿಗೆ ಸಮಾಧಾನ. "ಇದು ನೆಳ್ಳಾಗ ಕುಂತು ಮಾಡೋ ಕೆಲಸ" ಅಂದ. ನೆರಳಲ್ಲಿ ಕೂತೂ ಬೆವರಬಹುದು ಎನ್ನುವುದು ಆಗ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಲ್ಯಾಬಿನಲ್ಲಿ ಒಟ್ಟು ಹನ್ನೆರಡು ಪ್ರೋಗ್ರಾಮ್, ವಾರಕ್ಕೊಂದು. ಟರ್ಬೋ ಸಿ ಎಂಬ ನೀಲಿ ಪರದೆಯ ಮುಂದೆ ಕೂತು ಬರೆಯಬೇಕು, ಔಟ್‌ಪುಟ್ ತೋರಿಸಬೇಕು, ರೆಕಾರ್ಡಿಗೆ ಮೇಡಂ ಸಹಿ ಹಾಕಿಸಿಕೊಳ್ಳಬೇಕು. ಸಹಿ ಬೀಳದಿದ್ದರೆ ಪರೀಕ್ಷೆಗೆ ಪ್ರವೇಶವಿಲ್ಲ. ಮೇಡಂ ಬೈಯುತ್ತಿರಲಿಲ್ಲ. ಬೆನ್ನ ಹಿಂದೆ ಬಂದು ನಿಂತು "ಹ್ಞೂಂ" ಅನ್ನುತ್ತಿದ್ದರು, ಅಷ್ಟೇ. ಆ ಹ್ಞೂಂಕಾರಕ್ಕೆ, ಅಲ್ಲಿಯ ತನಕ ಸರಿಯಾಗಿ ಓಡುತ್ತಿದ್ದ ಪ್ರೋಗ್ರಾಮ್ ಕೂಡ ಹೆದರಿ ನಿಲ್ಲುತ್ತಿತ್ತು.

ಮೊದಲ ವಾರ ನಲವತ್ತೊಂದು ಎರರ್ ಬಂದವು. ನಾನು ಬರೆದದ್ದೇ ಮೂವತ್ತಾರು ಸಾಲು. ಕಣ್ಣು ಮುಚ್ಚಿ ಕೈ ಮುಗಿದು, "ಮಹಾಕೂಟೇಶ್ವರಾ, ಔಟ್‌ಪುಟ್ ಬಂದರ ಒಂದು ಕಾಯಿ ಒಡಸ್ತೀನಿ" ಅಂದೆ. ಪಕ್ಕದ ಹುಡುಗಿ ಬಗ್ಗಿ ನೋಡಿ ಒಂದು ಸೆಮಿಕೋಲನ್ ಹಾಕಿದಳು. ಔಟ್‌ಪುಟ್ ಬಂತು. ಪುಣ್ಯ ಆಕೆಯದು, ಸಾಲ ನನ್ನದು.

ಎರಡನೆಯ ವಾರ ಮತ್ತೆ ಬೇಡಿಕೊಳ್ಳುವ ಪ್ರಸಂಗ ಬಂತು. ಹಿಂದಿನದನ್ನೇ ತೀರಿಸದವನು ಹೊಸ ಸಾಲ ಕೇಳುವಾಗ ಬಾಯಿ ದೊಡ್ಡದು ಮಾಡಬೇಕು. ಸೊಸೈಟಿ ಆದರೂ ಅಷ್ಟೇ, ದೇವರಾದರೂ ಅಷ್ಟೇ. ಎರಡು ಕಾಯಿ ಅಂದೆ. ಮೂರನೆಯ ವಾರ ನಾಲ್ಕು. ಮುಂದಿನದು ಎಂಟು. ಪ್ರತಿ ಸಲವೂ ಔಟ್‌ಪುಟ್ ಬರುತ್ತಲೇ ಹೋಯಿತು. ಅದೇ ನನ್ನ ದುರ್ದೈವ.

ಐದನೆಯ ವಾರ ಟವರ್ ಆಫ್ ಹನೋಯ್. ಮೂರು ಕಂಬ, ಒಂದರಲ್ಲಿ ದೊಡ್ಡದರ ಮೇಲೆ ಚಿಕ್ಕದು ಬರುವಂತೆ ಪೇರಿಸಿದ ಬಿಲ್ಲೆಗಳು. ಒಮ್ಮೆಗೆ ಒಂದನ್ನೇ ಎತ್ತಿ, ಚಿಕ್ಕದರ ಮೇಲೆ ದೊಡ್ಡದು ಕೂರದಂತೆ ಎಲ್ಲವನ್ನೂ ಇನ್ನೊಂದು ಕಂಬಕ್ಕೆ ಸಾಗಿಸಬೇಕು. 1883ರಲ್ಲಿ ಫ್ರಾನ್ಸಿನ ಗಣಿತಜ್ಞ ಎದ್ವಾರ್ ಲ್ಯೂಕಾ ಈ ಆಟವನ್ನು ಹೊರತಂದ. ಅದಕ್ಕೆ ಅಂಟಿಕೊಂಡ ಕತೆ ನಡೆಯುವುದು ಮಾತ್ರ ಕಾಶಿಯ ಗುಡಿಯಲ್ಲಿ: ಅರ್ಚಕರು 64 ಚಿನ್ನದ ಬಿಲ್ಲೆ ಸಾಗಿಸುತ್ತಿದ್ದಾರಂತೆ, ಅದು ಮುಗಿದ ದಿನ ಪ್ರಪಂಚವೂ ಮುಗಿಯುತ್ತದಂತೆ. ಸೆಕೆಂಡಿಗೆ ಒಂದರಂತೆ ಎತ್ತಿಟ್ಟರೂ ಸುಮಾರು 58,500 ಕೋಟಿ ವರ್ಷದ ಕೆಲಸ. ಮೇಡಂ ಇದನ್ನು ಹೇಳುತ್ತಿದ್ದಾಗ ನನಗೆ ಊರಿನ ಅಭಿಮಾನ ಉಕ್ಕಿತು. ಮಹಾಕೂಟವನ್ನು ದಕ್ಷಿಣಕಾಶಿ ಅನ್ನುತ್ತಾರಲ್ಲ, ನಮ್ಮಲ್ಲೂ ಒಂದು ಇಂಥ ಕೆಲಸ ನಡೆದಿರಬೇಕಿತ್ತು ಅನಿಸಿತು. ನಡೆಯುತ್ತಿತ್ತು. ಅದನ್ನು ನಡೆಸುತ್ತಿದ್ದವನು ನಾನೇ. ಆ ವಾರದ ಹರಕೆ ಹದಿನಾರು ಕಾಯಿ.

ರಿಕರ್ಶನ್ ಮಾತ್ರ ತಲೆಗೆ ಹತ್ತಲಿಲ್ಲ. ತನ್ನನ್ನು ತಾನೇ ಕರೆಯುವ ಫಂಕ್ಷನ್ ಅಂತೆ! ಕೊನೆಗೆ ನೆರವಿಗೆ ಬಂದವರು ನಮ್ಮ ಬಾದಾಮಿ ಸೀಮೆಯ ಇಲ್ವಲ, ವಾತಾಪಿ. ಅಣ್ಣ ತಮ್ಮನನ್ನು ಟಗರು ಮಾಡಿ, ಕೊಯ್ದು, ಅಡುಗೆ ಮಾಡಿ ಅತಿಥಿಗೆ ಬಡಿಸುತ್ತಿದ್ದ. ಊಟವಾದ ಮೇಲೆ "ವಾತಾಪಿ, ಬಾ" ಅಂದರೆ ಇವನು ಹೊಟ್ಟೆ ಸೀಳಿ ಬರುತ್ತಿದ್ದ. ಕಾಲ್ ಮಾಡಿದರು, ರಿಟರ್ನ್ ಬಂತು. ಅಗಸ್ತ್ಯರು ಮಾತ್ರ ಹೊಟ್ಟೆ ನೀವಿಕೊಂಡು ಜೀರ್ಣಿಸಿಬಿಟ್ಟರು. ಕಾಲ್ ಹೋಯಿತು, ರಿಟರ್ನ್ ಬರಲೇ ಇಲ್ಲ, ಸಿಸ್ಟಮ್ ಹ್ಯಾಂಗ್. ನನ್ನ ಪ್ರೋಗ್ರಾಮುಗಳಲ್ಲಿ ಅಗಸ್ತ್ಯರ ಸಂಖ್ಯೆಯೇ ಹೆಚ್ಚಿತ್ತು.

ಪಾಯಿಂಟರ್ ಕಲಿಸಿದವರು ನವನಗರದ ನಮ್ಮ ರೂಮಿನ ಮಾಲಕ ಅಜ್ಜ, ತಮಗೇ ಗೊತ್ತಿಲ್ಲದೆ. ಪಾಯಿಂಟರ್ ಅಂದರೆ ವಸ್ತುವಲ್ಲ, ವಸ್ತು ಇರುವ ಜಾಗದ ವಿಳಾಸ ಎಂದು ಮೇಡಂ ಹೇಳಿದ್ದರು. ಆ ಜಾಗವೇ ಹೋದ ಮೇಲೂ ವಿಳಾಸ ಉಳಿದರೆ ಅದು ಡ್ಯಾಂಗ್ಲಿಂಗ್ ಪಾಯಿಂಟರ್. ಇದು ಬಾಯಿಪಾಠವಾಗಿತ್ತು, ಅರ್ಥ ಆಗಿರಲಿಲ್ಲ. ಒಂದು ಸಂಜೆ ಅಜ್ಜನ ಜೊತೆ ಆಲಮಟ್ಟಿ ಹಿನ್ನೀರಿನ ದಂಡೆಗೆ ಹೋಗಿದ್ದೆ. ಅವರು ನೀರಿನತ್ತ ಬೆರಳು ಮಾಡಿ, "ಅಲ್ಲಿ ಕಾಣ್ತದಲ್ಲ, ಅದ ನಮ್ಮ ಮನಿ. ಬಾಗಲಾ ಮೂಡಣಕ್ಕ ಐತಿ" ಅಂದರು. ಕಂಡದ್ದು ನೀರು, ಎರಡು ಬೆಳ್ಳಕ್ಕಿ. ಹಳೆಯ ಬಾಗಲಕೋಟೆಯ ಭಾಗ ಮುಳುಗಿ, ಜನ ನವನಗರದ ಸೆಕ್ಟರ್ ನಂಬರುಗಳಿಗೆ ಬಂದು ಎಷ್ಟೋ ವರ್ಷವಾಗಿತ್ತು. ಅಜ್ಜ "ಇತ್ತು" ಅನ್ನಲಿಲ್ಲ, "ಐತಿ" ಅಂದರು. ನಾನು ಮಾತಾಡದೆ ರೂಮಿಗೆ ಬಂದು ಆ ರಾತ್ರಿ ಒಂಬತ್ತನೆಯ ಪ್ರೋಗ್ರಾಮನ್ನು ಯಾರ ಸಹಾಯವೂ ಇಲ್ಲದೆ ಬರೆದೆ. ರೂಢಿ ತಪ್ಪಬಾರದೆಂದು ಹರಕೆಯನ್ನಂತೂ ಹೊತ್ತುಕೊಂಡೆ: 256.

ಹನ್ನೆರಡನೆಯ ವಾರಕ್ಕೆ 2,048. ಕೂಡಿಸಿದರೆ 4,095, ಹನ್ನೆರಡು ಬಿಲ್ಲೆಯ ಹನೋಯ್ ಗೋಪುರಕ್ಕೆ ಬೇಕಾಗುವಷ್ಟೇ ನಡೆ. ಸಿಲೆಬಸ್ಸಿನಲ್ಲಿ ಹದಿನಾರು ಪ್ರೋಗ್ರಾಮ್ ಇದ್ದಿದ್ದರೆ ಬಚಾವಾಗುತ್ತಿದ್ದೆ. ಮೊತ್ತ 65,535 ಆಗುತ್ತಿತ್ತು, ಟರ್ಬೋ ಸಿ ಅದನ್ನು ತನ್ನ ಮಾಮೂಲಿ ಇಂಟಿಜರಿನಲ್ಲಿ ಮೈನಸ್ ಒಂದು ಎಂದು ಓದುತ್ತಿತ್ತು. ಆಗ ಮಹಾಕೂಟೇಶ್ವರನೇ ನನಗೆ ಒಂದು ಕಾಯಿ ಕೊಡಬೇಕಾಗುತ್ತಿತ್ತು.

ಲ್ಯಾಬ್ ಪರೀಕ್ಷೆಯಲ್ಲಿ ಚೀಟಿ ಎತ್ತಿದೆ, ಲಿಂಕ್ಡ್ ಲಿಸ್ಟ್ ಬಂತು. ಓಡಿತು. ವೈವಾದಲ್ಲಿ ಹೊರಗಿನಿಂದ ಬಂದ ಎಕ್ಸಾಮಿನರ್ ಉದಾಹರಣೆ ಕೇಳಿದರು. ಎಲ್ಲರೂ ರೈಲಿನ ಡಬ್ಬಿ ಹೇಳಿದ್ದರು. ನಾನು ಮಹಾಕೂಟದ ವಿನಾಪೋಟಿ ಅಂದೆ. ಚಾಲುಕ್ಯ ವಿಜಯಾದಿತ್ಯನ ಪ್ರಾಣವಲ್ಲಭೆ ಆಕೆ. ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆ ಕೊಟ್ಟು ಕನ್ನಡದಲ್ಲಿ ಶಾಸನ ಹಾಕಿಸಿದಳು. ಅದರಲ್ಲಿ ತನ್ನ ತಾಯಿ, ತಾಯಿಯ ತಾಯಿ ಇಬ್ಬರ ಹೆಸರನ್ನೂ ಕೆತ್ತಿಸಿದಳು. "ಒಬ್ಬರಿಂದ ಒಬ್ಬರಿಗೆ ಲಿಂಕ್ ಐತ್ರಿ ಸರ. ಅಜ್ಜಿಯ ಮುಂದ ನಲ್." ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, "ಹೋಗು" ಅಂದರು. ಹೋಗು ಅಂದರೆ ಪಾಸೋ ನಪಾಸೋ ತಿಳಿಯದೆ ಬಾದಾಮಿಯಲ್ಲಿ ಬಸ್ಸಿಳಿದು ಗುಡ್ಡದ ದಾರಿ ಹಿಡಿದೆ. ಮಹಾಕೂಟದ ಹತ್ತಿರ, ಪಾಳುಬಿದ್ದ ಬಾಗಿಲೊಂದರಲ್ಲಿ ಕಾಲ, ಕಾಳಿ ಎಂಬ ಇಬ್ಬರು ಕಲ್ಲಾಗಿ ನಿಂತಿದ್ದಾರೆ. ಎದೆಗೂಡಿನ ಎಲುಬು ಎಣಿಸಬಹುದು, ಹೊಟ್ಟೆ ಬೆನ್ನಿಗೆ ಹತ್ತಿದೆ. ಚಿಕ್ಕವನಿದ್ದಾಗ ಹೆದರುತ್ತಿದ್ದೆ. ಅವತ್ತು, ಇವರಿನ್ನೂ ಚೀಟಿ ಎತ್ತಿಲ್ಲ ಅನಿಸಿತು.

ಪಾಸಾದೆ. ಸಾಲದ ಮಾತನ್ನು ಆಯಿಯ ಮುಂದೆ ಬಾಯಿಬಿಡಬೇಕಾಯಿತು. ಕಾಯಿಗೆ ಇಪ್ಪತ್ತು ರೂಪಾಯಿ ಹಿಡಿದರೂ 81,900. ಈ ದೇವರಿಗೆ ಕೊಟ್ಟವರು ಸಣ್ಣವರಲ್ಲ. ಚಾಲುಕ್ಯ ದೊರೆ ಮಂಗಳೇಶನ ಕಂಬಶಾಸನದಲ್ಲಿ ಹತ್ತು ಹಳ್ಳಿಗಳ ದತ್ತಿಯ ಮಾತಿದೆ. ಆದರೆ ಮಂಗಳೇಶನಿಗೆ ಸೆಮಿಸ್ಟರ್ ಫೀ ಇರಲಿಲ್ಲ.

ಆಯಿಗೆ ನನ್ನ ಉಪಾಯ ವಿವರಿಸಿದೆ. ಪಾಯಿಂಟರ್ ಪದ್ಧತಿ. ಕಾಯಿ ಒಂದೇ ಇರಲಿ. 4,095 ಚೀಟಿಯಲ್ಲಿ ಅದೇ ಕಾಯಿಯ ವಿಳಾಸ ಬರೆದು ದೇವರ ಮುಂದೆ ಇಡೋಣ. ಪ್ರತಿ ಚೀಟಿಯಿಂದಲೂ ಒಂದು ಕಾಯಿ ಸಿಕ್ಕೇ ಸಿಗುತ್ತದೆ.

"ಹೌದೌದು," ಆಯಿ ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. "ನಾಳೆ ನೀ ಉಣ್ಣಾಕ ಕುಂತಾಗ ರೊಟ್ಟಿ ಬುಟ್ಟಿ ಎಲ್ಲೈತಿ ಅಂತ ಚೀಟಿ ಬರದು ತಾಟಿನ್ಯಾಗ ಹಾಕ್ತೀನಿ, ತಿಂದು ಏಳು."

ಎಂಜಿನಿಯರಿಂಗ್ ಅಲ್ಲಿಗೆ ಮುಗಿಯಿತು. ಸ್ವಲ್ಪ ಹೊತ್ತು ಬಿಟ್ಟು ಆಯಿಯೇ ಕೇಳಿದಳು, "ತಮ್ಮಾ, ಬೇಡಿಕೊಳ್ಳುವಾಗ ಎತ್ತಾಗ ಮಾರಿ ಮಾಡಿದ್ದಿ?"

"ಕಂಪ್ಯೂಟರಿನ ಕಡೆ."

"ಅದರ ಹಿಂದ ಏನಿತ್ತು?"

"ಕಿಟಕಿ. ಕಿಟಕ್ಯಾಗ ಹಿನ್ನೀರು ಕಾಣ್ತಿತ್ತು."

ಆಯಿಯ ಕೈ ಈಗ ನಿಂತಿತು. "ಹಿನ್ನೀರು ಉತ್ತರಕ್ಕ ಐತಿ. ಮಹಾಕೂಟ ದಕ್ಷಿಣಕ್ಕ. ಹನ್ನೆರಡು ವಾರ ದೇವರಿಗೆ ಬೆನ್ನ ತೋರಿಸಿ ಹರಕಿ ಹೊತ್ತಿ, ಹುಚ್ಚಾ! ಅವು ಇಲ್ಲಿಗಿ ಬಂದೇ ಇಲ್ಲ."

ಎದೆ ಹಗುರಾಯಿತು. ಗುಡಿಗೆ ಹೋಗಿ, ಕ್ಷಮೆ ಕೇಳುವ ಲೆಕ್ಕದಲ್ಲಿ ಒಂದೇ ಒಂದು ಕಾಯಿ ಒಡೆಸಿದೆವು. ಅರ್ಧ ಹೋಳು ಪೂಜಾರಿಗೆ, ಅರ್ಧ ನಮ್ಮ ಚಟ್ನಿಗೆ. ಆದರೆ ರಾತ್ರಿ ನಿದ್ದೆ ಬರಲಿಲ್ಲ. ಹರಕೆ ಇಲ್ಲಿಗೆ ಬಂದಿಲ್ಲ ನಿಜ, ಔಟ್‌ಪುಟ್ ಬಂದದ್ದೂ ನಿಜ. ಹಾಗಾದರೆ ಕೊಟ್ಟವರು ಯಾರು? ಉತ್ತರದ ಆ ನೀರಿನ ಕೆಳಗೆ ಯಾವ ಗುಡಿ, ಯಾವ ಕಟ್ಟೆಯ ದೇವರು ಕೂತು ಹನ್ನೆರಡು ವಾರ ನನ್ನ ಎರರ್ ತಿದ್ದಿದನೋ.

ಮುಂದೆ ಒಂದು ಇಂಟರ್‌ವ್ಯೂಗೆ ವಿಜಯಪುರಕ್ಕೆ ಹೊರಟೆ. ಮಂಗಳೇಶನ ಕಂಬವೂ ಈಗ ಅಲ್ಲಿಯ ವಸ್ತುಸಂಗ್ರಹಾಲಯದಲ್ಲೇ ಇದೆ, ನೋಡಿದಂತಾಗುತ್ತದೆ ಅಂದುಕೊಂಡೆ. ಬಸ್ಸು ಘಟಪ್ರಭೆಯ ಸೇತುವೆಗೆ ಬಂದಾಗ ಚೀಲದಿಂದ ಒಂದು ಕಾಯಿ ತೆಗೆದು ಕಿಟಕಿಯಿಂದ ನೀರಿಗೆ ಒಗೆದೆ.

"ಏನದು?" ಕಂಡಕ್ಟರ್ ಬಂದು ನಿಂತ.

"ಹರಕಿ ಇತ್ರೀ."

"ತೀರ್ತಿಲ್ಲೊ?"

"ಇನ್ನ ನಾಲ್ಕು ಸಾವಿರದ ತೊಂಬತ್ನಾಲ್ಕು ಅದಾವ್ರೀ."

ಅವನು ನನ್ನ ಮುಖ ನೋಡಿದ, ಚೀಲ ನೋಡಿದ, ಬಗ್ಗಿ ಸೀಟಿನ ಕೆಳಗೂ ನೋಡಿದ. "ಲಗೇಜ್ ಟಿಕೆಟ್ ತಗಸೀಯೇನು?"