ಸುಸ್ತಿದಾರನ ಶವಾಸನ

ಮಂಗಳೂರಿನ ಯಾವ ಪಂಕ್ತಿಯಲ್ಲಿ ಉಣ್ಣಲು ಕೂತರೂ ಎಡಕ್ಕೊಬ್ಬ, ಬಲಕ್ಕೊಬ್ಬ ಬ್ಯಾಂಕಿನವ ಸಿಗುತ್ತಾನೆ. ಕೆನರಾ ಬ್ಯಾಂಕ್ 1906ರಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ ಹುಟ್ಟಿದ ಊರಿದು. ನಾನೂ ಬ್ಯಾಂಕಿನವನೇ. ಯಾವ ಬ್ಯಾಂಕ್ ಎಂದು ಹೇಳುವುದಿಲ್ಲ. ತಪ್ಪು ಬ್ಯಾಂಕಿನದ್ದಲ್ಲ, ನಾನು ಕೂತ ಭಂಗಿಯದ್ದು. ಸಾಲ ವಿಭಾಗದ ಕುರ್ಚಿಯಲ್ಲಿ ಮೂವತ್ತೊಂದು ವರ್ಷ ಕೂತು ನಿವೃತ್ತನಾಗಿ ಎದ್ದೆ. ಎದ್ದೆ ಎನ್ನುವುದು ಮಾತಿಗೆ. ಸೊಂಟದಿಂದ ಮೇಲಿನ ಭಾಗ ಈಗಲೂ ಕುರ್ಚಿಯ ಆಕಾರದಲ್ಲೇ ಉಂಟು.

ಇದು ಊರಿಗೆಲ್ಲ ಗೊತ್ತಾದದ್ದು ಒಂದು ಗೃಹಪ್ರವೇಶದ ಊಟದಲ್ಲಿ. ನೆಲಕ್ಕೆ ಚಾಪೆ ಹಾಸಿ ಎಲೆ ಹಾಕಿದ್ದರು. ಕೂರುವುದೇನೋ ಸಲೀಸಾಯಿತು. ಊಟ ಮುಗಿದು ಪಂಕ್ತಿ ಎದ್ದಿತು, ನಾನೊಬ್ಬ ಏಳಲಿಲ್ಲ. ನನಗೂ ಸೊಂಟಕ್ಕೂ ಒಳಗೊಳಗೇ ಮಾತುಕತೆ ನಡೆದಿತ್ತು. ಬಡಿಸುವ ಹುಡುಗ ದೂರದಿಂದ ನೋಡಿದ. ‘ಈ ಜನಕ್ಕೆ ಪಾಯಸ ಸಾಕಾಗಲಿಲ್ಲ’ ಎಂದು ತಿಳಿದು ಎರಡು ಸೌಟು ಹೊಯ್ದ. ಅದನ್ನು ಮುಗಿಸಿಯೂ ಏಳದ್ದು ಕಂಡು ಮತ್ತೆರಡು ಹೊಯ್ದ. ಕೊನೆಗೆ ಇಬ್ಬರು ಭಾವಂದಿರು ತೋಳು ಹಿಡಿದು, ತೇರಿಗೆ ಕಲಶ ಏರಿಸುವ ಹಾಗೆ ನನ್ನನ್ನು ಎತ್ತಿ ನಿಲ್ಲಿಸಿದರು.

ಮರುದಿನವೇ ನನ್ನವಳು ಕದ್ರಿಯ ಹತ್ತಿರದ ಒಂದು ಯೋಗ ತರಗತಿಗೆ ನನ್ನ ಹೆಸರು ಬರೆಸಿ ಬಂದಳು. ‘ಹೊಸಬರಿಗಾಗಿ ಮೆಲುವಾದ ಯೋಗ, ನಮ್ಮ ಮೇಲೆ ನಮಗೇ ಕರುಣೆ’ ಎಂದು ಚೀಟಿಯಲ್ಲಿತ್ತು.

“ನನಗೆ ಯೋಗ ಗೊತ್ತುಂಟು” ಎಂದೆ. 2015ರಿಂದ ಪ್ರತಿ ಜೂನ್ 21ಕ್ಕೆ ಬ್ಯಾಂಕಿನಲ್ಲಿ ಬಿಳಿ ಟೀಶರ್ಟ್ ಹಾಕಿ ಸಾಲಾಗಿ ನಿಂತವ ನಾನು.

“ಫೋಟೋ ತೆಗೆಯುವವರೆಗೆ ಉಸಿರು ಬಿಗಿ ಹಿಡಿದು ಹೊಟ್ಟೆ ಒಳಗೆಳೆದದ್ದು ಯೋಗ ಅಲ್ಲ ಮಾರಾಯ್ರೆ” ಎಂದಳು.

ತರಗತಿಯಲ್ಲಿ ಹನ್ನೊಂದು ಮಂದಿ. ನನ್ನ ಎಡಕ್ಕೆ ಎಪ್ಪತ್ತು ದಾಟಿದ ಬಾಯಮ್ಮ ಒಬ್ಬರು. ಟೀಚರ್ ನನ್ನ ಮಗಳ ಪ್ರಾಯದ ಹುಡುಗಿ. ಮುಂದಕ್ಕೆ ಬಾಗಿ ಕಾಲಿನ ಬೆರಳು ಮುಟ್ಟಲು ಹೇಳಿದಳು. ಬಾಯಮ್ಮ ಬಿದ್ದ ಬಟಾಣಿ ಹೆಕ್ಕುವಷ್ಟು ಸುಲಭದಲ್ಲಿ ಮುಟ್ಟಿಬಿಟ್ಟರು. ನನ್ನ ಕೈ ಮೊಣಕಾಲಿನವರೆಗೆ ಹೋಗಿ, ಅಲ್ಲೇ ಲಾಸ್ಟ್ ಸ್ಟಾಪ್ ಎಂದು ನಿಂತಿತು. ಸಿಟಿ ಬಸ್ಸಿನ ಕಂಡಕ್ಟರನ ಹಾಗೆ ನಾನು ಒಳಗಿನಿಂದ “ದುಂಬು ಪೋಲೆ, ದುಂಬು ಪೋಲೆ” ಎಂದು ಬೆನ್ನನ್ನು ತಳ್ಳುತ್ತಿದ್ದೆ. ಮುಂದೆ ಹೋಗಲು ಜಾಗವೇ ಇರಲಿಲ್ಲ.

“ಆದಷ್ಟು ಮಾಡಿ ಸರ್. ಆಗದಿದ್ದರೆ ಬಿಡಿ. ಬೆನ್ನಿಗೆ ಬಯ್ಯಬೇಡಿ” ಎಂದಳು ಟೀಚರ್.

ಆಗದಿದ್ದರೆ ಬಿಡಿ! ಸಾಲ ವಿಭಾಗದಲ್ಲಿ ನಾನು ಕೇಳಿಯೇ ಇರದ ವಾಕ್ಯ ಅದು. ಕಂತು ತೊಂಬತ್ತು ದಿನ ಬಾಕಿಯಾದರೆ ಖಾತೆ ಕೆಟ್ಟಿತು ಎಂದೇ ನಮ್ಮ ಲೆಕ್ಕ. ಹಾಗಿದ್ದೂ ಮಳೆಗೆ ಅಡಿಕೆ ಕೊಳೆತವರಿಗೆ, ಬೋಟು ಕೆಟ್ಟವರಿಗೆ ಎಷ್ಟು ಸಲ ಗಡುವು ಮುಂದೆ ಹಾಕಿಸಿಕೊಟ್ಟಿಲ್ಲ! ಮೂವತ್ತೊಂದು ವರ್ಷ ದುಡಿದ ಸ್ವಂತ ಬೆನ್ನಿಗೆ ಮಾತ್ರ ದಿನಕ್ಕೊಂದು ನೋಟೀಸು: ‘ಬಗ್ಗುತ್ತೀಯೋ ಇಲ್ಲವೋ?’ ಬೆನ್ನಿಗೆ ಆದದ್ದು ಸುಸ್ತು; ನಾನು ಅದನ್ನು ಸುಸ್ತಿ ಎಂದು ಬರೆದುಕೊಂಡಿದ್ದೆ.

ಗೆಳೆಯ ಸೋತು ಬಂದಾಗ ಅವನೊಡನೆ ಹೇಗೆ ಮಾತಾಡುತ್ತೇವೋ ಹಾಗೆ ನಮ್ಮೊಡನೆ ನಾವು ಮಾತಾಡಬೇಕು ಎಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನ್ ನೆಫ್ 2003ರಲ್ಲಿ ಅಧ್ಯಯನದ ವಿಷಯವಾಗಿಸಿದರಂತೆ. ಟೀಚರ್ ಅದನ್ನು ವಿವರಿಸುತ್ತಿದ್ದಾಗ ಬಾಯಮ್ಮ ನಡುವೆ ಬಾಯಿ ಹಾಕಿ, “ಅಂದ್ರೆ ಮಲ್ಲ ಇಜ್ಜಿ ಅಂತ ಅಲ್ವಾ?” ಎಂದರು. ದೊಡ್ಡ ಸಂಗತಿ ಏನಲ್ಲ ಬಿಡು ಎಂಬ ಅರ್ಥದ ಆ ಎರಡು ತುಳು ಪದದಲ್ಲಿ ವಿಷಯ ಮುಗಿಯಿತು.

ಎರಡನೇ ವಾರ ಟೀಚರ್ ನನಗೊಂದು ಕುರ್ಚಿ ತಂದಿಟ್ಟಳು. ಹಳೆಯ ಶತ್ರುವನ್ನು ಕಂಡಂತಾಯಿತು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರು ಎಳವೆಯಲ್ಲಿ ಕಾಯಿಲೆಯಿಂದ ನರಳಿದವರು. ಮುಂದೆ ಕುರ್ಚಿ, ಮರದ ಇಟ್ಟಿಗೆ, ಪಟ್ಟಿಗಳನ್ನೆಲ್ಲ ಬಗ್ಗಲಾರದವರ ಊರುಗೋಲಾಗಿ ಯೋಗಕ್ಕೆ ತಂದರು. ಸೊಂಟ ಕೆಡಿಸಿದ ಕುರ್ಚಿಯನ್ನೇ ಹಿಡಿದು ಸೊಂಟ ತಿರುಗಿಸುವುದು ನನಗೆ ಹಿಡಿಸಿತು. ಸಾಲ ಕೊಟ್ಟವನಿಂದಲೇ ವಸೂಲಿ ಮಾಡಿದ ಸಂತೋಷ.

ಹಾಗೆ ತಿರುಗುವ ಆಸನಕ್ಕೆ ಅರ್ಧ ಮತ್ಸ್ಯೇಂದ್ರಾಸನ ಎಂದು ಹೆಸರು. ಮತ್ಸ್ಯೇಂದ್ರನಾಥ ನಮಗೆ ಹೊರಗಿನವನಲ್ಲ. ತರಗತಿಯ ಕಿಟಕಿಯಿಂದ ಕಾಣುವ ಕದ್ರಿ ಗುಡ್ಡದ ಮೇಲೆ ಅವನದೇ ನಾಥಪಂಥದ ಜೋಗಿ ಮಠ ಉಂಟು. ಹನ್ನೆರಡು ವರ್ಷಕ್ಕೊಮ್ಮೆ ತ್ರ್ಯಂಬಕೇಶ್ವರದಿಂದ ಜೋಗಿಗಳ ಜಮಾತು ನಡೆದುಕೊಂಡೇ ಅಲ್ಲಿಗೆ ಬರುತ್ತದೆ. ಶಿವ ಪಾರ್ವತಿಗೆ ಯೋಗ ಹೇಳುತ್ತಿದ್ದಾಗ ಮೀನಿನ ಹೊಟ್ಟೆಯಲ್ಲಿದ್ದು ಕದ್ದು ಕೇಳಿದವನು ಮತ್ಸ್ಯೇಂದ್ರನಾಥ ಎಂಬುದು ಕಥೆ. ಬಂಗುಡೆಯ ಊರಿಗೆ ಇದಕ್ಕಿಂತ ತಕ್ಕ ಗುರು ಬೇಕೇ? ಆ ಕಥೆಯಲ್ಲಿ ನನಗೆ ಇಷ್ಟವಾದದ್ದು ಇನ್ನೊಂದು: ಕೇಳುತ್ತಾ ಕೇಳುತ್ತಾ ಪಾರ್ವತಿಗೆ ನಿದ್ದೆ ಬಂತಂತೆ.

ನನಗೂ ಬಂತು. ಶವಾಸನದಲ್ಲಿ ಟೀಚರ್ “ಪಾದ ಸಡಿಲ ಬಿಡಿ” ಎಂದದ್ದು ನೆನಪುಂಟು. ಮೊಣಕಾಲಿಗೆ ತಲುಪುವಷ್ಟರಲ್ಲಿ ನಾನಿರಲಿಲ್ಲ. ಎಚ್ಚರವಾದಾಗ ಹತ್ತು ಮಂದಿ ಎದ್ದು ಕೂತು ನನ್ನ ಗೊರಕೆಯನ್ನೇ ಧ್ಯಾನಿಸುತ್ತಿದ್ದರು. ನಾಚಿಕೆಯಿಂದ ಎದ್ದರೆ ಬಾಯಮ್ಮ ಹೇಳಿದ್ದು ಅದೇ: “ಮಲ್ಲ ಇಜ್ಜಿ.”

ಆ ದಿನ ಮನೆಗೆ ಹೋಗುವ ದಾರಿಯಲ್ಲಿ ಕದ್ರಿಯ ಮಂಜುನಾಥ ದೇವಸ್ಥಾನ ಹೊಕ್ಕೆ. ಆಳುಪ ಅರಸ ಕುಂದವರ್ಮ 968ರಲ್ಲಿ ಪ್ರತಿಷ್ಠೆ ಮಾಡಿಸಿದ ಲೋಕೇಶ್ವರನ ಕಂಚಿನ ವಿಗ್ರಹ ಅಲ್ಲುಂಟು. ಮೂರು ಮುಖ, ಆರು ಕೈ. ಬೌದ್ಧರ ಕರುಣಾಮೂರ್ತಿ ಅವಲೋಕಿತೇಶ್ವರ ಈತನೇ ಎನ್ನುವ ವಿದ್ವಾಂಸರಿದ್ದಾರೆ. ಸಾವಿರ ವರ್ಷದಿಂದ ಕೂತಿದ್ದಾನೆ, ಮೂರರಲ್ಲಿ ಒಂದು ಮುಖದಲ್ಲೂ ಸೊಂಟನೋವಿನ ಗುರುತಿಲ್ಲ. ಆಸನ ಸ್ಥಿರವಾಗಿಯೂ ಸುಖವಾಗಿಯೂ ಇರಬೇಕೆಂದು ಪತಂಜಲಿ ಎರಡು ಷರತ್ತು ಹಾಕಿದ್ದು ನೆನಪಾಯಿತು. ನಾನು ಬ್ಯಾಂಕಿನಲ್ಲಿ ಪಾಲಿಸಿದ್ದು ಮೊದಲನೆಯದನ್ನು ಮಾತ್ರ.

ಮೊನ್ನೆ ಮತ್ತೊಂದು ಪಂಕ್ತಿ, ಮತ್ತದೇ ನೆಲ. ಈಗ ನನ್ನ ಕೈ ಮೊಣಕಾಲು ದಾಟಿ ನಾಲ್ಕು ಬೆರಳು ಕೆಳಗಿಳಿಯುತ್ತದೆ. ಏಳಲು ಮಾತ್ರ ಸ್ವಲ್ಪ ಹೊತ್ತು ಬೇಕು. ಪಂಕ್ತಿ ಎದ್ದಿತು. ಭಾವಂದಿರು ತೋಳು ಮಡಚುತ್ತಾ ಹತ್ತಿರ ಬಂದರು. ಬೇಡವೆಂದು ಕೈಯಾಡಿಸಿ, ಬೆನ್ನಿಗೆ ನಿಧಾನ ಎಂದು ಹೇಳಿ, ಬಡಿಸುವ ಹುಡುಗನನ್ನು ನಾನೇ ಕರೆದೆ.

“ಪಾಯಸ ಉಂಟಾ ಮಗಾ?”