ಮೆಳ್ಳೆಗಣ್ಣು ಅದೃಷ್ಟ ಎನ್ನುವ ಹಿರಿಯರಿಗೊಂದು ಬಹಿರಂಗ ಪತ್ರ

ಪ್ರೀತಿಯ ಅಜ್ಜಿಯರೇ, ದೊಡ್ಡಮ್ಮಂದಿರೇ, ನಾಮಕರಣಕ್ಕೆ ಬಂದು ತೊಟ್ಟಿಲಿಗೆ ಬಗ್ಗಿ ನೋಡುವ ಎಲ್ಲ ಹಿರಿಯರೇ,

ಹೋದ ತಿಂಗಳು ನೆಂಟರ ಮನೆಯಲ್ಲಿ ಹತ್ತು ತಿಂಗಳ ಕೂಸನ್ನು ಎತ್ತಿಕೊಂಡಿದ್ದೆ. ಅದರ ಬಲಗಣ್ಣು ನನ್ನನ್ನೇ ನೋಡುತ್ತಿತ್ತು, ಎಡಗಣ್ಣು ಮೂಗಿನ ಕಡೆ ವಾಲಿತ್ತು. "ಡಾಕ್ಟರಿಗೆ ತೋರಿಸೋಣವಾ?" ಎಂದು ತಾಯಿ ಮೆಲ್ಲಗೆ ಕೇಳಿದಳು. "ಏ, ಮೆಳ್ಳೆಗಣ್ಣು ಅದೃಷ್ಟ ಕಣೇ. ಬೆಳೀತಾ ಬೆಳೀತಾ ತಾನೇ ಸರಿಹೋಗುತ್ತೆ" ಅಂದಿರಿ ನಿಮ್ಮಲ್ಲೊಬ್ಬರು. ಮಾತು ಅಲ್ಲಿಗೇ ನಿಂತಿತು. ನಲವತ್ತು ವರ್ಷದ ಹಿಂದೆ ನನ್ನ ತೊಟ್ಟಿಲ ಬಳಿಯೂ ಇದೇ ಮಾತು ಬಂದಿತ್ತಂತೆ. ಅದಕ್ಕೇ ಈ ಪತ್ರ.

ಒಂದೊಂದು ಕಣ್ಣುಗುಡ್ಡೆಯನ್ನೂ ಆಡಿಸುವುದು ಆರಾರು ಸ್ನಾಯುಗಳು. ನಾಲ್ಕು ನೇರ: ಒಂದು ಮೇಲಕ್ಕೆ, ಒಂದು ಕೆಳಕ್ಕೆ, ಒಂದು ಮೂಗಿನತ್ತ, ಒಂದು ಕಿವಿಯತ್ತ ಎಳೆಯುತ್ತದೆ. ಇನ್ನೆರಡು ಓರೆ. ಅದರಲ್ಲೂ ಮೇಲಿನ ಓರೆ ಸ್ನಾಯುವಿನ ದಾರಿ ಕೇಳಿದರೆ ನಿಮಗೆ ಹಳೇ ಮನೆಯ ಬಾವಿಕಟ್ಟೆ ನೆನಪಾದೀತು. ಅದು ಕಣ್ಣುಗೂಡಿನ ಹಿಂಬದಿಯಲ್ಲಿ ಹುಟ್ಟಿ ಮುಂದಕ್ಕೆ ಬರುತ್ತದೆ. ಹುಬ್ಬಿನ ಒಳತುದಿಯ ಕೆಳಗೆ, ಮೂಗಿನ ಪಕ್ಕದಲ್ಲಿ, ಒಂದು ಪುಟ್ಟ ರಾಟೆಯಿದೆ, ಮೆದುಮೂಳೆಯದು. ಅದರೊಳಗೆ ತೂರಿ, ಹಗ್ಗ ತಿರುಗುವ ಹಾಗೆ ಹಿಂದಕ್ಕೆ ತಿರುಗಿ, ಗುಡ್ಡೆಯ ಮೇಲೆ ಅಂಟಿಕೊಳ್ಳುತ್ತದೆ. ಈ ಸ್ನಾಯು ಸೋತರೆ ಮೆಟ್ಟಿಲಿಳಿಯುವಾಗ ಒಂದು ಮೆಟ್ಟಿಲು ಎರಡಾಗಿ ಕಾಣಬಹುದು. ಮಗು ಅದನ್ನು ಬಾಯಿಬಿಟ್ಟು ಹೇಳಲಾರದು, ಕತ್ತು ವಾಲಿಸಿ ಸರಿಮಾಡಿಕೊಳ್ಳುತ್ತದೆ. ಮನೆಯ ಆಲ್ಬಮ್ಮಿನಲ್ಲಿ ಪ್ರತಿ ಫೋಟೋದಲ್ಲೂ ಒಂದೇ ಕಡೆಗೆ ಕತ್ತು ವಾಲಿಸಿರುವ ಮಗುವಿದ್ದರೆ ಅದನ್ನು ವಯ್ಯಾರ ಎನ್ನಬೇಡಿ, ಒಮ್ಮೆ ಕಣ್ಣು ತೋರಿಸಿ.

ಎರಡು ಕಣ್ಣೂ ಜೋಡೆತ್ತಿನ ಹಾಗೆ ಒಂದೇ ನೊಗಕ್ಕೆ ಕಟ್ಟಿದವು. ಬಲಕ್ಕೆ ನೋಡಬೇಕೆಂದರೆ ಬಲಗಣ್ಣಿನ ಕಿವಿಯತ್ತಲ ಸ್ನಾಯುವಿಗೂ ಎಡಗಣ್ಣಿನ ಮೂಗಿನತ್ತಲ ಸ್ನಾಯುವಿಗೂ ಮಿದುಳಿನಿಂದ ಒಂದೇ ಅಳತೆಯ ಅಪ್ಪಣೆ ಹೋಗುತ್ತದೆ. ಇದನ್ನು ಹತ್ತೊಂಬತ್ತನೇ ಶತಮಾನದಲ್ಲೇ ವಿವರಿಸಿದವರು ಜರ್ಮನಿಯ ಎವಾಲ್ಡ್ ಹೆರಿಂಗ್. ಒಂದು ಸ್ನಾಯು ಬಿಗಿಯುವಾಗ ಎದುರಿನದು ಅಷ್ಟೇ ಸಡಿಲವಾಗಬೇಕು ಎಂಬ ನಿಯಮಕ್ಕೆ ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್ಟನ್ನರ ಹೆಸರಿದೆ. ಹೀಗೆ ಎಳೆತ ಸಮವಾಗಿದ್ದರೆ ಎರಡು ನೋಟ ಕೂಡಿ ಒಂದಾಗುತ್ತವೆ.

ಒಂದೆತ್ತು ಪಕ್ಕಕ್ಕೆ ಸರಿದರೆ? ದೊಡ್ಡವರಿಗಾದರೆ ಎಲ್ಲವೂ ಎರಡೆರಡಾಗಿ ಕಾಣುತ್ತದೆ. ಮಗುವಿನ ಮಿದುಳು ಆ ಗೊಂದಲ ತಾಳದೆ ವಾಲಿದ ಕಣ್ಣಿನ ನೋಟವನ್ನೇ ತಳ್ಳಿಹಾಕಿಬಿಡುತ್ತದೆ. ಕಣ್ಣು ಗಟ್ಟಿಮುಟ್ಟಾಗಿಯೇ ಇರುತ್ತದೆ, ನೋಡುವುದನ್ನು ಮಾತ್ರ ಮಿದುಳು ಕಲಿಯುವುದಿಲ್ಲ. ಹುಬೆಲ್ ಮತ್ತು ವೀಸೆಲ್ ಎಂಬ ವಿಜ್ಞಾನಿಗಳು ಬೆಕ್ಕಿನ ಮರಿಗಳ ಒಂದು ಕಣ್ಣನ್ನು ಎಳೆತನದಲ್ಲೇ ಮುಚ್ಚಿಟ್ಟು ನೋಡಿದರು. ಆಮೇಲೆ ತೆರೆದರೂ ಮಿದುಳು ಆ ಕಣ್ಣಿಗೆ ಸರಿಯಾಗಿ ಓಗೊಡಲಿಲ್ಲ. 1981ರಲ್ಲಿ ಅವರಿಗೆ ನೊಬೆಲ್ ಬಂತು.

ನನಗೆ ಗೊತ್ತಾದದ್ದು ಒಂಬತ್ತನೇ ವಯಸ್ಸಿನಲ್ಲಿ, ಶಾಲೆಗೆ ಬಂದ ಕಣ್ಣಿನ ಡಾಕ್ಟರು ಬಲಗಣ್ಣಿಗೆ ರಟ್ಟು ಹಿಡಿದಾಗ. ಗೋಡೆಯ ಹಲಗೆಯ ಮೇಲಿನ ಅತಿ ದೊಡ್ಡ ಅಕ್ಷರವೂ ಕಲೆಸಿಹೋಗಿತ್ತು. ಮುಂದೆ ಆಪರೇಷನ್ ಆಯಿತು, ಕಣ್ಣು ನೆಟ್ಟಗಾಯಿತು, ನೋಟ ಬರಲಿಲ್ಲ. ಇವತ್ತಿಗೂ ಫ್ಲಾಸ್ಕಿನಿಂದ ಕಾಫಿ ಬಗ್ಗಿಸುವಾಗ ಅದರ ಬಾಯಿಯನ್ನು ಲೋಟದ ಅಂಚಿಗೆ ತಾಗಿಸಿ, ಟಣ್ ಎಂದ ಮೇಲೆಯೇ ವಾಲಿಸುತ್ತೇನೆ. ಲೋಟ ಎಷ್ಟು ದೂರದಲ್ಲಿದೆ ಎಂಬುದನ್ನು ಒಂದೇ ಕಣ್ಣು ಅಷ್ಟು ಸರಿಯಾಗಿ ಹೇಳಲಾರದು. ನಮ್ಮಜ್ಜಿ ದಿನಾ ನನ್ನ ಕೆನ್ನೆಗೆ ದೃಷ್ಟಿಬೊಟ್ಟು ಇಡುತ್ತಿದ್ದಳು. ಅವಳ ಪ್ರೀತಿಯಲ್ಲಿ ಕೊರತೆಯಿರಲಿಲ್ಲ, ಈ ವಿಷಯ ಅವಳಿಗೆ ಹೇಳಿದವರಿರಲಿಲ್ಲ.

ನಿಮಗೆ ಹೇಳುತ್ತಿದ್ದೇನೆ. ಹುಟ್ಟಿದ ಮೊದಲ ಕೆಲವು ವಾರ ಕಣ್ಣು ಆಗೀಗ ಅತ್ತಿತ್ತ ಸರಿಯುವುದು ಸಹಜ. ನಾಲ್ಕು ತಿಂಗಳಾದ ಮೇಲೂ ವಾಲುತ್ತಿದ್ದರೆ ಕಾಯಬೇಡಿ. ಕೆಲವು ಕೂಸುಗಳಿಗೆ ಮೂಗಿನ ಬುಡ ಅಗಲವಾಗಿದ್ದು ಮೆಳ್ಳೆಯಂತೆ ಕಾಣುತ್ತದಷ್ಟೆ, ಅದನ್ನೂ ಡಾಕ್ಟರೇ ನೋಡಿ ಹೇಳಲಿ. ಫೋಟೋದಲ್ಲಿ ಕಣ್ಣಿನ ಪಾಪೆ ಬೆಳ್ಳಗೆ ಹೊಳೆದರಂತೂ ಒಂದು ದಿನವನ್ನೂ ಕಳೆಯಬೇಡಿ. ಅಪರೂಪಕ್ಕೆ ಅದು ಕಣ್ಣಿನೊಳಗಿನ ಕ್ಯಾನ್ಸರ್‌ನ ಗುರುತಾಗಿರುತ್ತದೆ.

ಎಷ್ಟೋ ಮಕ್ಕಳಿಗೆ ಬರೀ ಕನ್ನಡಕ ಸಾಕು. ಕೆಲವರಿಗೆ ಚೆನ್ನಾಗಿರುವ ಕಣ್ಣಿಗೆ ದಿನಕ್ಕಿಷ್ಟು ಹೊತ್ತು ಪಟ್ಟಿ ಹಚ್ಚಿ, ಸೋಮಾರಿ ಕಣ್ಣಿನಿಂದ ಕೆಲಸ ಮಾಡಿಸಬೇಕಾಗುತ್ತದೆ. ಆಪರೇಷನ್ ಎಂದರೆ ಕಣ್ಣು ಕಿತ್ತು ಹೊರಗಿಡುತ್ತಾರೆಂದು ನೀವು ಹೆದರುತ್ತೀರಿ. ಹಾಗೇನಿಲ್ಲ. ಕಣ್ಣು ಗೂಡಿನಲ್ಲೇ ಇರುತ್ತದೆ, ಸ್ನಾಯುವನ್ನು ಬಿಡಿಸಿ ಕೆಲವೇ ಮಿಲಿಮೀಟರ್ ಸರಿಸಿ ಹೊಲಿಯುತ್ತಾರೆ. ಬರ್ಲಿನ್ನಿನಲ್ಲಿ ಡೀಫೆನ್‌ಬಾಕ್ ಎಂಬ ಸರ್ಜನ್ ಮೊದಲ ಬಾರಿಗೆ ಮೆಳ್ಳೆಗಣ್ಣಿನ ಸ್ನಾಯು ಕತ್ತರಿಸಿದ್ದು 1839ರಲ್ಲಿ. ಅಷ್ಟು ಹಳೆಯ ವಿದ್ಯೆ ಇದು. ಆದರೆ ನೋಟ ಉಳಿಯಬೇಕಾದರೆ ಬೇಗ ಹೋಗಬೇಕು. ಏಳೆಂಟು ವರ್ಷ ದಾಟಿದಷ್ಟೂ ಕಷ್ಟ.

ಆ ಮನೆಯಲ್ಲಿ ನಿಮ್ಮ ಒಂದು ಮಾತಿಗೆ ತಾಯಿ ಸುಮ್ಮನಾದಳು. ನಿಮ್ಮ ಮಾತಿಗೆ ಅಷ್ಟು ಬೆಲೆಯಿದೆ. ಅವಳು ಇನ್ನೊಮ್ಮೆ ಕೇಳುವವರೆಗೂ ಕಾಯಬೇಡಿ. "ನಡಿ, ನಾಳೆ ಬೆಳಿಗ್ಗೆ ಹೋಗೋಣ, ನಾನೂ ಬರ್ತೀನಿ" ಅನ್ನಿ.

ಇಂತಿ,
ನಿಮ್ಮದೇ ಮಡಿಲಲ್ಲಿ ಬೆಳೆದವಳು