‘ಅಲ್ಲಿ’ ಬಾವು

ಬಸಿರಿನಲ್ಲಿ ಪಾದ ಬಾತರೆ ಕಲಬುರಗಿಯ ಓಣಿಗೆಲ್ಲ ಸುದ್ದಿ. ಜನನಾಂಗ ಬಾತರೆ ಗಂಡನಿಗೂ ಗೊತ್ತಾಗುವುದಿಲ್ಲ. ಎರಡಕ್ಕೂ ಕಾರಣ ಬಹುಪಾಲು ಒಂದೇ. ಬಸುರಿಯ ಮೈಯ ರಕ್ತ ಶೇ 40–50ರಷ್ಟು ಹೆಚ್ಚುತ್ತದೆ. ಬೆಳೆದ ಗರ್ಭಕೋಶವು ಕಿಬ್ಬೊಟ್ಟೆಯ ನಾಳಗಳನ್ನು ಅದುಮಿ, ಮೇಲೇರಬೇಕಾದ ರಕ್ತವನ್ನು ಸಂಜೆಯ ಸೂಪರ್ ಮಾರ್ಕೆಟ್ಟಿನ ಆಟೊಗಳಂತೆ ಅಲ್ಲಲ್ಲೇ ನಿಲ್ಲಿಸುತ್ತದೆ. ಪ್ರೊಜೆಸ್ಟರಾನ್ ಹಾರ್ಮೋನು ನಾಳಗಳ ಬಿಗಿಯನ್ನೂ ಸಡಿಲಿಸುತ್ತದೆ. ಅದರಿಂದ ಊತ, ಭಾರ, ಕೆಲವರಿಗೆ ಯೋನಿಯ ತುಟಿಗಳಲ್ಲಿ ನೀಲಿಯಾಗಿ ಉಬ್ಬಿದ ನರ. ಈ ನರಗಳು ಸಾಮಾನ್ಯವಾಗಿ ಹೆರಿಗೆಯಾಗಿ ಕೆಲವು ವಾರಗಳಲ್ಲಿ ಇಳಿಯುತ್ತವೆ.

ಬಣ್ಣದ ಬದಲಾವಣೆ ಊತಕ್ಕಿಂತ ಮೊದಲೇ ಶುರು. ಆರರಿಂದ ಎಂಟನೇ ವಾರದ ಹೊತ್ತಿಗೆ ಯೋನಿ ನೀಲಿ–ನೇರಳೆಗೆ ತಿರುಗುತ್ತದೆ. ಇದಕ್ಕೆ 19ನೇ ಶತಮಾನದ ಬಾಸ್ಟನ್ ವೈದ್ಯ ಚಾಡ್ವಿಕ್‌ನ ಹೆಸರಿದೆ. ನಮ್ಮ ಕಡೆ ಆ ಜಾಗಕ್ಕೇ ಹೆಸರಿಲ್ಲ, ಅದರ ಬಣ್ಣಕ್ಕೆ ಎಲ್ಲಿಂದ ಬರಬೇಕು! ಮುಂದೆ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಹೆಚ್ಚಿ ಮೊಲೆತೊಟ್ಟು, ಕಂಕುಳು, ತೊಡೆಸಂದು, ಜನನಾಂಗದ ಚರ್ಮ ಕಪ್ಪಾಗುತ್ತವೆ. ಹೊಟ್ಟೆಯ ಮೇಲೊಂದು ಗೆರೆ ಮೂಡುತ್ತದೆ. ಸಿಪ್ಪೆಯ ಬಣ್ಣದಿಂದ ಹೆಸರಾದ ಕಮಲಾಪುರದ ಕೆಂಪು ಬಾಳೆಗೆ ಜಿಐ ಮಾನ್ಯತೆ. ಬಸುರಿಯ ಬಣ್ಣಕ್ಕೆ ಕಡಲೆಹಿಟ್ಟು, ಅರಿಸಿನದ ತಿಕ್ಕಾಟ. ತಿಕ್ಕಿದರೆ ಹೋಗುವ ಬಣ್ಣ ಇದಲ್ಲ. ಹೆರಿಗೆಯ ನಂತರ ತಾನಾಗಿ ನಿಧಾನಕ್ಕೆ ತಿಳಿಯಾಗುತ್ತದೆ.

ಮೇ ತಿಂಗಳ 40 ಡಿಗ್ರಿ ದಾಟಿದ ಬಿಸಿಲಲ್ಲಿ ಬಾವಿಗೆ ಬೆವರೂ ಸೇರಿದರೆ ಕೇಳುವುದೇ ಬೇಡ. ಸಡಿಲ ಹತ್ತಿ ಬಟ್ಟೆ, ಎಡಮಗ್ಗುಲ ನಿದ್ದೆ, ತಣ್ಣೀರ ಬಟ್ಟೆ ಆರಾಮ ಕೊಡುತ್ತವೆ. ತುರಿಕೆಯ ಜೊತೆ ಮೊಸರಿನಂಥ ಬಿಳಿಸೆರಗು ಹೋದರೆ ಅದು ಶಿಲೀಂಧ್ರದ ಸೋಂಕಿರಬಹುದು. ಪೌಡರು ಅದಕ್ಕೆ ಮದ್ದಲ್ಲ.

ಕಷ್ಟವಿರುವುದು ಡಾಕ್ಟರ ಮುಂದೆ.

“ಎಲ್ಲಿ ಬಾತದವ್ವಾ?”

“ಅಲ್ಲೇ ರೀ ಮೇಡಂ.”

“ಅಲ್ಲೇ ಅಂದ್ರ?”

“ಅಲ್ಲೇ ರೀ...”

ಅಷ್ಟರಲ್ಲಿ ಜೊತೆಗೆ ಬಂದ ಅತ್ತೆ ಸೊಸೆಯ ಕಾಲು ತೋರಿಸಿಬಿಡುತ್ತಾಳೆ. ಗುಳಿಗೆ ಕಾಲಿನ ಬಾವಿಗೆ ಬರುತ್ತದೆ.

ನಗುವ ಮಾತಲ್ಲದ್ದೂ ಇದೆ. ಒಂದೇ ಬದಿಗೆ ನೋವಿನ ಗಂಟು, ಜ್ವರ, ಹುಣ್ಣು ಕಂಡರೆ ಕಾಯಬಾರದು. ಮುಖ–ಕೈ ಬಾತು, ತಲೆನೋವು, ಕಣ್ಣು ಮಂಜು, ಬಿ.ಪಿ. 140/90 ಮುಟ್ಟಿದ್ದರೆ ಅದು ಗರ್ಭಿಣಿಯರ ರಕ್ತದೊತ್ತಡದ ಅಪಾಯ. ಅಂದೇ ಆಸ್ಪತ್ರೆಗೆ ಹೋಗಬೇಕು. ಉಳಿದ ‘ಅಲ್ಲಿ’ಗಳನ್ನು ಹೇಳಿಕೊಳ್ಳಲು ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇದೆ. ತಾಯಿ ಕಾರ್ಡ್ ಒಯ್ಯಿರಿ. ಅತ್ತೆಯನ್ನು ಬಾಗಿಲ ಹೊರಗೆ ಕೂರಿಸಿರಿ.